ಅಹಿಫೇನವರ್ಗದ ಔಷಧಗಳ ಸಂಯೋಗಬಲ

ಅಹಿಫೇನವೆಂಬ ಶಬ್ದವು ಶಾರ್ಙ್ಗಧರಸಂಹಿತೆಯನ್ನು ಓದಿದವರಿಗೆ ಹೊಸತಲ್ಲ. ಗಸಗಸೆಯ ಕಾಯಿಯ ಹಾಲಿನಿಂದಾಗುವ ಅಫೀಮಿಗೇ ಆ ಹೆಸರು. ಅದರ ಸಾರವಾದ ಮಾರ್ಫೀನನ್ನು 19ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಸೆರ್ಟ್ಯೂರ್ನರನು ಬೇರ್ಪಡಿಸಿದನು. ತರುವಾಯ ಮೆಥಡೋನ್, ಆಕ್ಸಿಕೋಡೋನ್, ಫೆಂಟನಿಲ್ ಮೊದಲಾದ ಸಜಾತೀಯ ವೇದನಾಹರಗಳು ಹುಟ್ಟಿದುವು. ಒಂದೇ ಕುಲದ ಇವುಗಳಲ್ಲಿ ಎರಡನ್ನು ಕೂಡಿಸಿದರೆ ನೋವು ಇನ್ನೂ ಹೆಚ್ಚಾಗಿ ಅಡಗುವುದೇ ಎಂಬ ಪ್ರಶ್ನೆಯು ತೋರುವಷ್ಟು ಸುಲಭವಾದುದಲ್ಲ.

ಎರಡರ ಪೂರ್ಣ ಪ್ರಮಾಣಗಳನ್ನೂ ಒಟ್ಟಿಗೆ ಕೊಟ್ಟಾಗ ಫಲವು ಹೆಚ್ಚಿದರೆ ಅದರಿಂದ ಏನೂ ಸಿದ್ಧಿಸದು; ಒಂದನ್ನೇ ಇಮ್ಮಡಿಯಾಗಿ ಕೊಟ್ಟಿದ್ದರೂ ಫಲವು ಹೆಚ್ಚುತ್ತಿದ್ದಿತು. ಆದುದರಿಂದ ಪರೀಕ್ಷಕರು ಮೊದಲು ಒಂದೊಂದು ಔಷಧದ ಬಲವನ್ನು ಬೇರೆಬೇರೆಯಾಗಿ ಅಳೆಯುವರು. ಇಲಿಯ ಬಾಲದ ಮೇಲೆ ಬಿಸಿಯಾದ ಬೆಳಕನ್ನು ಹಾಯಿಸಿ, ಅದು ಬಾಲವನ್ನು ಸೆಳೆದುಕೊಳ್ಳುವವರೆಗಿನ ಕಾಲವನ್ನು ಎಣಿಸುವುದು ಒಂದು ಕ್ರಮ. ಇದನ್ನು ಡಾಮೂರ್ ಮತ್ತು ಸ್ಮಿತ್ ಎಂಬವರು 1941ರಲ್ಲಿ ಪ್ರಕಟಿಸಿದರು. ಚರ್ಮವು ಸುಡದಂತೆ ಕಾಲಕ್ಕೊಂದು ಮಿತಿಯುಂಟು. ಅರ್ಧದಷ್ಟು ಇಲಿಗಳಲ್ಲಿ ನೋವಡಗಿಸಲು ಮೊದಲನೆಯ ಔಷಧವು 4 ಪಾಲು, ಎರಡನೆಯದು 10 ಪಾಲು ಬೇಕೆಂದು ಇಟ್ಟುಕೊಳ್ಳೋಣ. ಇವೆರಡರ ಬಲವು ಬರಿಯ ಸಂಕಲನದಂತೆ ಕೂಡುವುದಾದರೆ ಅದರ 2 ಪಾಲಿಗೆ ಇದರ 5 ಪಾಲು ಸೇರಿ ಅದೇ ಫಲವನ್ನು ಕೊಡಬೇಕು. 1 ಪಾಲಿಗೆ ಎರಡೂವರೆ ಪಾಲು ಸೇರಿದರೇ ಸಾಕಾದಲ್ಲಿ ಮಾತ್ರ ಸಂಯೋಗದಿಂದ ಅತಿಶಯವು ಹುಟ್ಟಿತೆನ್ನಬಹುದು. ಈ ಗಣಿತವನ್ನು ರೇಖಾಚಿತ್ರದಲ್ಲಿ ತೋರಿಸುವ ಪದ್ಧತಿಯನ್ನು ಬೆಳೆಸಿದವನು ಲೋವೆ ಎಂಬ ಜರ್ಮನ್ ವಿದ್ವಾಂಸನು.

ಇದನ್ನು ಆಯುರ್ವೇದದ 'ಯೋಗವಾಹಿ' ಎಂಬ ಪದದಿಂದ ಕರೆಯುವುದು ಉಚಿತವಲ್ಲ. ಜೇನು ಯೋಗವಾಹಿ, ಅದು ತಾನು ಕೂಡಿದ ದ್ರವ್ಯದ ಗುಣವನ್ನು ವಹಿಸುವುದು. ಇಲ್ಲಿಯಾದರೋ ಎರಡೂ ಸ್ವತಂತ್ರವಾಗಿಯೇ ಬಲವುಳ್ಳವು. 'ಸಂಯೋಗಾತಿಶಯ'ವೆಂದರೆ ಅರ್ಥವು ಕೆಡದು.

2000ದಲ್ಲಿ ಆಸ್ಟ್ರೇಲಿಯದ ರೋಸ್, ವಾಲಿಸ್, ಸ್ಮಿತ್ ಎಂಬವರು, ಒಂಟಿಯಾಗಿ ಕೊಟ್ಟರೆ ನೋವಡಗಿಸಲಾರದಷ್ಟು ಅಲ್ಪವಾದ ಮಾರ್ಫೀನನ್ನೂ ಆಕ್ಸಿಕೋಡೋನನ್ನೂ ಕೂಡಿಸಿ ಹೆಗ್ಗಣಜಾತಿಯ ಇಲಿಗಳಿಗೆ ಕೊಟ್ಟಾಗ ನೋವು ಚೆನ್ನಾಗಿ ಅಡಗಿತು. ಮಂಪರು ಮೊದಲಾದ ದೋಷಗಳೂ ಕಡಮೆಯಾದುವು. 2002ರಲ್ಲಿ ಬೋಲನ್, ತಲ್ಲಾರಿಡಾ, ಪಾಸ್ಟರ್ನಾಕ್ ಎಂಬವರ ಶೋಧನೆ ಇನ್ನೂ ವಿಚಿತ್ರವಾದುದು. ಇಲಿಗಳಲ್ಲಿ ಮೆಥಡೋನು ಮಾರ್ಫೀನಿನೊಡನೆ ಅತಿಶಯವನ್ನು ತೋರಿತು, ಫೆಂಟನಿಲಿನೊಡನೆ ತೋರಲಿಲ್ಲ. ಮೂರೂ ನರಗಳಲ್ಲಿನ 'ಮ್ಯೂ' ಎಂಬ ಒಂದೇ ಬಗೆಯ ಗ್ರಾಹಕಗಳನ್ನು ಹಿಡಿಯತಕ್ಕವೆಂದು ಪ್ರಸಿದ್ಧಿ. ಹೀಗಿದ್ದೂ ಫಲಭೇದವು ಕಂಡುದರಿಂದ ಆ ಗ್ರಾಹಕದಲ್ಲಿಯೇ ಒಳಭೇದಗಳಿರಬೇಕೆಂದು ಅವರು ತರ್ಕಿಸಿದರು. ಅದೇ ಜೋಡಿಯು ಕರುಳಿನ ಚಲನೆಯನ್ನು ತಡೆಯುವುದರಲ್ಲಿ ಅತಿಶಯವನ್ನು ತೋರಲಿಲ್ಲವೆಂಬುದು ಗಮನಾರ್ಹ. ನೋವಿಗೆ ಹೆಚ್ಚು, ಮಲಬದ್ಧತೆಗೆ ಹೆಚ್ಚಿಲ್ಲ ಎಂದರೆ ರೋಗಿಗೆ ಲಾಭವೇ ಸರಿ.

ಆದರೆ ಇಲಿಗೆ ಒಪ್ಪಿದುದು ಮನುಷ್ಯನಿಗೆ ಒಪ್ಪಲೇಬೇಕೆಂಬ ವ್ಯಾಪ್ತಿಯಿಲ್ಲ. ಮಾರ್ಫೀನ್ 3, ಆಕ್ಸಿಕೋಡೋನ್ 2 ಎಂಬ ಅನುಪಾತದ ಗುಳಿಗೆಯೊಂದು ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯ ಮುಂದೆ ಬಂದಿತು. ಸಮಬಲದ ಒಂಟಿ ಔಷಧಕ್ಕಿಂತ ಅದು ಮೇಲೆಂಬುದಕ್ಕೆ ತಕ್ಕ ಪ್ರಮಾಣವಿಲ್ಲವೆಂದು 2014ರಲ್ಲಿ ಸಲಹಾಮಂಡಲಿಯು ನಿರ್ಣಯಿಸಿತು, ಅನುಮತಿಯು ದೊರೆಯಲಿಲ್ಲ.