ಪದವಿ ಓದುವಾಗ ಕಾಲೇಜು ಬದಲಾವಣೆ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಕುಟುಂಬಗಳ ಗಮನಕ್ಕೆ

ಹಾನಗಲ್ಲದಿಂದ ಶಿರಸಿಗೆ, ಸವಣೂರಿನಿಂದ ಲಕ್ಷ್ಮೇಶ್ವರಕ್ಕೆ, ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಮಕ್ಕಳ ಕಾಲೇಜು ಬದಲಿಸುವುದು ನಮ್ಮ ಸಮಾಜದ ಮನೆಗಳಲ್ಲಿ ಹೊಸದೇನಲ್ಲ. ಅಂಗಡಿ ಬೇರೆ ಊರಿಗೆ ಹೋಗುತ್ತದೆ, ಅಣ್ಣ ತಮ್ಮಂದಿರ ವ್ಯಾಪಾರ ಪಾಲಾಗುತ್ತದೆ, ಮಗಳ ಮದುವೆಯಾಗುತ್ತದೆ, ಓದು ಅವರ ಹಿಂದೆ ಹೋಗುತ್ತದೆ. ಮನೆಯ ಹಿರಿಯ ಮಕ್ಕಳು ಹೀಗೆ ಹೋದಾಗ ಕಾಲೇಜು ಮಾತ್ರ ಬದಲಾಗುತ್ತಿತ್ತು. ಈಗ ಅದೇ ದಾರಿಯಲ್ಲಿ ವಿಶ್ವವಿದ್ಯಾಲಯವೂ ಬದಲಾಗುತ್ತದೆ. ಇದು ಗೊತ್ತಿಲ್ಲದೆ "ಅಣ್ಣ ಟಿಸಿ ತಗೊಂಡು ಹೋಗಿ ಸೇರಿದ್ದನಲ್ಲ" ಎಂದು ಹೊರಟವರಿಗೆ ಒಂದು ವರ್ಷವೇ ಕೈತಪ್ಪಬಹುದು.

1997ರಲ್ಲಿ ಧಾರವಾಡ ಜಿಲ್ಲೆಯಿಂದ ಹಾವೇರಿ, ಗದಗ ಜಿಲ್ಲೆಗಳು ಬೇರೆಯಾದವು. ಸರ್ಕಾರಿ ಕಚೇರಿಗಳು ಬೇರೆಯಾದರೂ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಡಿಯೇ ಉಳಿದವು. ಉತ್ತರ ಕನ್ನಡದ ಶಿರಸಿಯೂ ಅದರದ್ದೇ, ಗದಗ ಜಿಲ್ಲೆಯ ಲಕ್ಷ್ಮೇಶ್ವರವೂ ಅದರದ್ದೇ. 2023ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಉದ್ಘಾಟಿಸಿತು, ಅದರಲ್ಲಿ ಹಾವೇರಿ ವಿಶ್ವವಿದ್ಯಾಲಯವೂ ಒಂದು. ಕೆರಿಮತ್ತಿಹಳ್ಳಿಯಲ್ಲಿ ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಜಾಗವೇ ಅದರ ಆವರಣ. ಹಾವೇರಿ ಜಿಲ್ಲೆಯ ಪದವಿ ಕಾಲೇಜುಗಳು ಅದಕ್ಕೆ ಸೇರಿದವು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯವನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ನಮ್ಮ ಮಕ್ಕಳ ಬಿ.ಕಾಂ., ಬಿ.ಎ. ವ್ಯವಹಾರ ಅಲ್ಲಿ ನಡೆಯುವುದಿಲ್ಲ.

ಹಿರೇಕೆರೂರಿನವರಿಗೆ ಈ ವಿಷಯ ಮೊದಲಿನಿಂದಲೂ ಪರಿಚಿತ. ಅಲ್ಲಿಂದ ಶಿರಾಳಕೊಪ್ಪಕ್ಕೋ ಶಿಕಾರಿಪುರಕ್ಕೋ ಹೋದರೆ ಶಿವಮೊಗ್ಗ ಜಿಲ್ಲೆ, ಅಂದರೆ ಕುವೆಂಪು ವಿಶ್ವವಿದ್ಯಾಲಯ. ಈಗ ಉಳಿದ ಮೂರು ತಾಲೂಕಿನವರೂ ಅವರ ಹಾಗೆ ಗಡಿಯಲ್ಲಿ ನಿಂತಿದ್ದಾರೆ. ಹಾನಗಲ್ಲದಿಂದ ಹಿರೇಕೆರೂರಿಗೆ ಹೋದರೆ ವಿಶ್ವವಿದ್ಯಾಲಯ ಒಂದೇ, ಶಿರಸಿಗೆ ಹೋದರೆ ಬೇರೆ.

ಒಂದೇ ವಿಶ್ವವಿದ್ಯಾಲಯದೊಳಗಿನ ಬದಲಾವಣೆಗೂ ವಿಶ್ವವಿದ್ಯಾಲಯ ದಾಟುವ ಬದಲಾವಣೆಗೂ ನಿಯಮದಲ್ಲಿ ದೊಡ್ಡ ಅಂತರವಿದೆ. ರಾಜ್ಯದ ವಿಶ್ವವಿದ್ಯಾಲಯಗಳು 2021ರಿಂದ ಅನುಸರಿಸಿದ ಪದವಿ ನಿಯಮಾವಳಿಯ ಪ್ರಕಾರ ಎರಡೂ ಬಗೆಯ ಬದಲಾವಣೆಗೆ ಬೆಸ ಸೆಮಿಸ್ಟರ್‌ನಲ್ಲಿ ಮಾತ್ರ ಅವಕಾಶ. ಅಂದರೆ ಮೂರನೆಯ ಅಥವಾ ಐದನೆಯ ಸೆಮಿಸ್ಟರ್ ಆರಂಭದಲ್ಲಿ. ನಡುವೆ, ಎರಡನೆಯ ಅಥವಾ ನಾಲ್ಕನೆಯ ಸೆಮಿಸ್ಟರ್‌ಗೆ ಹೋಗಿ ಸೇರುತ್ತೇವೆಂದರೆ ಆಗುವುದಿಲ್ಲ. ಎರಡಕ್ಕೂ ಸೇರುವ ಕಾಲೇಜಿನ ಮಂಜೂರಾದ ಸೀಟುಗಳಲ್ಲಿ ಖಾಲಿ ಇರಬೇಕು. ಒಳಗಿನ ಬದಲಾವಣೆಗೆ ಹಿಂದೆ ಓದಿದ ವಿಷಯಗಳ ಜೋಡಣೆಯೇ ಹೊಸ ಕಾಲೇಜಿನಲ್ಲೂ ಇರಬೇಕು.

ಹೊರಗಿನಿಂದ ಬರುವವರಿಗೆ ಇನ್ನೊಂದು ಷರತ್ತಿದೆ. ಹಿಂದಿನ ಎಲ್ಲ ಸೆಮಿಸ್ಟರ್‌ಗಳ ಎಲ್ಲ ವಿಷಯಗಳಲ್ಲೂ ಪಾಸಾಗಿರಬೇಕು. ಬ್ಯಾಕ್‌ಲಾಗ್ ಇಟ್ಟುಕೊಂಡು ಮುಂದಿನ ಸೆಮಿಸ್ಟರ್‌ಗೆ ಹೋಗುವ ಅನುಕೂಲ ತನ್ನ ವಿಶ್ವವಿದ್ಯಾಲಯದಲ್ಲಿ ಇರುತ್ತದೆ, ಗಡಿ ದಾಟುವಾಗ ಇರುವುದಿಲ್ಲ. ಹಾನಗಲ್ಲದ ಹುಡುಗನೊಬ್ಬ ಎರಡನೆಯ ಸೆಮಿಸ್ಟರ್‌ನ ಲೆಕ್ಕಶಾಸ್ತ್ರ ಉಳಿಸಿಕೊಂಡಿದ್ದಾನೆ ಎಂದುಕೊಳ್ಳೋಣ. ಊರಲ್ಲೇ ಇದ್ದರೆ ಮೂರನೆಯ ಸೆಮಿಸ್ಟರ್ ಓದುತ್ತಲೇ ಅದನ್ನು ಕಟ್ಟಿ ಪಾಸಾಗಬಹುದು. ಅವನು ಟಿಸಿ ತೆಗೆದುಕೊಂಡು ಶಿರಸಿಗೋ ಹುಬ್ಬಳ್ಳಿಗೋ ಹೋದರೆ ಅಲ್ಲಿ ಅರ್ಹತೆ ಸಿಗುವುದಿಲ್ಲ, ಇಲ್ಲಿ ಹೆಸರು ತೆಗೆಸಿಯಾಗಿದೆ. ರ‍್ಯಾಂಕ್ ನಿರೀಕ್ಷೆಯಿರುವ ಜಾಣ ಮಕ್ಕಳಿಗೂ ಒಂದು ಮಾತು: ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ದರ್ಜೆ ಸಿಗುತ್ತದೆ, ರ‍್ಯಾಂಕ್ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ.

ಆದ್ದರಿಂದ ಟಿಸಿ ಎಲ್ಲಕ್ಕಿಂತ ಕೊನೆಗೆ ತೆಗೆದುಕೊಳ್ಳುವ ಕಾಗದ. ಅನೇಕ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ, ಮೊದಲು ಟಿಸಿ, ಆಮೇಲೆ ಸೀಟಿನ ಹುಡುಕಾಟ. ಮಾಲು ಬರುವ ಮುನ್ನ ಪೂರ್ತಿ ಹಣ ಕೊಡುವ ವ್ಯಾಪಾರಿ ಇಲ್ಲ, ಮಕ್ಕಳ ವಿಷಯದಲ್ಲಿ ಮಾತ್ರ ಹಾಗೆ ಮಾಡುತ್ತಾರೆ. ಮೊದಲು ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಯ ಪ್ರತಿ ಹಿಡಿದು ಸೇರಬೇಕಾದ ಕಾಲೇಜಿಗೆ ಹೋಗಬೇಕು. ಸೀಟು ಖಾಲಿ ಇದೆಯೇ, ಅದೇ ವಿಷಯಗಳು ಇವೆಯೇ ಎಂದು ಕೇಳಿ, ಸೇರಿಸಿಕೊಳ್ಳಲು ಒಪ್ಪಿಗೆಯಿದೆ ಎಂಬ ಪತ್ರ ಪಡೆಯಬೇಕು. ಬಾಯಿಮಾತಿನ "ಬನ್ನಿ, ನೋಡೋಣ" ಸಾಲದು. ಆ ಕಾಲೇಜಿನ ಮೂಲಕ ಹೊಸ ವಿಶ್ವವಿದ್ಯಾಲಯದಲ್ಲಿ ಅರ್ಹತೆ ವಿಚಾರಿಸಬೇಕು. ಇದಕ್ಕೆ ಅಂಕಪಟ್ಟಿಯ ಜೊತೆ ಈವರೆಗೆ ಓದಿದ ಪಠ್ಯಕ್ರಮದ ಪ್ರತಿಯೂ ಬೇಕಾಗಬಹುದು, ಹಳೆಯ ಕಾಲೇಜಿನ ಮುದ್ರೆ ಹಾಕಿಸಿ ಇಟ್ಟುಕೊಂಡರೆ ಎರಡನೆಯ ಸಲ ಓಡಾಡುವುದು ತಪ್ಪುತ್ತದೆ. ಇಷ್ಟಾದ ಮೇಲೆ ಹಳೆಯ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ, ಬಾಕಿ ಶುಲ್ಕ ಮತ್ತು ಗ್ರಂಥಾಲಯದ ಪುಸ್ತಕ ತೀರಿಸಿ ಟಿಸಿ, ಹಳೆಯ ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಪ್ರಮಾಣಪತ್ರ. ಒಂದೇ ವಿಶ್ವವಿದ್ಯಾಲಯದೊಳಗೆ ಹೋಗುವವರಿಗೆ ಮೈಗ್ರೇಶನ್ ಬೇಕಿಲ್ಲ.

ಮೈಗ್ರೇಶನ್‌ಗೆ ಎಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ಅಂಕಪಟ್ಟಿಯ ತಲೆಯ ಮೇಲಿನ ಹೆಸರು ಹೇಳುತ್ತದೆ. ಧಾರವಾಡ ಎಂದಿದ್ದರೆ ಧಾರವಾಡ, ಹಾವೇರಿ ಎಂದಿದ್ದರೆ ಕೆರಿಮತ್ತಿಹಳ್ಳಿ. ಒಂದೇ ಮನೆಯ ಅಕ್ಕ ತಮ್ಮ ಒಂದೇ ಕಾಲೇಜಿನಲ್ಲಿ ಓದಿದ್ದರೂ ಇಬ್ಬರ ಅಂಕಪಟ್ಟಿಯಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯದ ಹೆಸರಿರಬಹುದು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಸಲಹೆ ಮಾಡಿತು, ಅದರಲ್ಲಿ ಹಾವೇರಿಯ ಹೆಸರೂ ಇತ್ತು. ಇಂಥ ಸ್ಥಿತಿಯಲ್ಲಿ ಅರ್ಜಿ ಹಾಕುವ ವರ್ಷ ಕಾಲೇಜು ಯಾವ ವಿಶ್ವವಿದ್ಯಾಲಯದಡಿ ಇದೆ ಎಂದು ಪ್ರಾಚಾರ್ಯರ ಕಚೇರಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಬೇಕು.

ಸೀಟು ಸಿಕ್ಕಿದ ಮೇಲೆ ತರಗತಿಯ ವಿಷಯ ನೋಂದಣಿ ಬರುತ್ತದೆ. ಬಿ.ಕಾಂ.ನಲ್ಲಿ ತೊಂದರೆ ಕಡಿಮೆ, ಬಿ.ಎ. ಮತ್ತು ಬಿ.ಎಸ್ಸಿ.ಯಲ್ಲಿ ಹೆಚ್ಚು. ಭಾಷಾ ವಿಷಯವನ್ನು ಮರೆಯುವವರೇ ಜಾಸ್ತಿ. ಹಳೆಯ ಕಾಲೇಜಿನಲ್ಲಿ ಹಿಂದಿ ಅಥವಾ ಸಂಸ್ಕೃತ ಆರಿಸಿಕೊಂಡವರಿಗೆ ಹೊಸ ಕಾಲೇಜಿನಲ್ಲಿ ಆ ಭಾಷೆಯ ಅಧ್ಯಾಪಕರೇ ಇಲ್ಲದಿರಬಹುದು. ಪಠ್ಯಕ್ರಮದ ವರ್ಷವನ್ನೂ ನೋಡಬೇಕು. 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಇತ್ತು, 2024-25ರಲ್ಲಿ ಪ್ರಥಮ ವರ್ಷಕ್ಕೆ ಸೇರಿದವರಿಂದ ರಾಜ್ಯದ ಮೂರು ವರ್ಷದ ಪದವಿ ಮತ್ತೆ ಬಂದಿದೆ. ನಡುವೆ ಒಂದು ವರ್ಷ ಓದು ಬಿಟ್ಟು ಮತ್ತೆ ಸೇರುವವರು ಹಳೆಯ ಪಠ್ಯಕ್ರಮ ಓದಿ ಹೊಸದರ ತರಗತಿಯಲ್ಲಿ ಕೂರಬೇಕಾದೀತು. ಬಿಟ್ಟುಹೋಗುವ ವಿಷಯಗಳನ್ನು ಯಾವಾಗ ಬರೆಯಬೇಕು ಎಂಬುದನ್ನು ಸೇರುವ ದಿನವೇ ಬರಹದಲ್ಲಿ ಕೇಳಬೇಕು. ಪ್ರತಿ ವಿಷಯಕ್ಕೂ ಶೇ. 75 ಹಾಜರಾತಿ ಬೇಕೇ ಬೇಕು. ಕಾಗದಕ್ಕಾಗಿ ಒಂದೂವರೆ ತಿಂಗಳು ಓಡಾಡಿ ತಡವಾಗಿ ಸೇರಿದವರಿಗೆ ಇದೇ ಕೊನೆಗೆ ಕುತ್ತಾಗುತ್ತದೆ.

ಹಾಜರಿ ಪುಸ್ತಕದಲ್ಲಿ ಹೆಸರು ಬಂದರೆ ಕೆಲಸ ಮುಗಿಯಿತು ಎಂದು ಸುಮ್ಮನಾಗಬಾರದು. ಪ್ರವೇಶ, ಪರೀಕ್ಷಾ ಅರ್ಜಿ, ಅಂಕಪಟ್ಟಿ ಎಲ್ಲವೂ ಯುಯುಸಿಎಂಎಸ್ ಎಂಬ ರಾಜ್ಯದ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಹೊಸ ಕಾಲೇಜು, ಹೊಸ ನೋಂದಣಿ ಸಂಖ್ಯೆ, ಆರಿಸಿದ ವಿಷಯಗಳು ಅಲ್ಲಿ ಸರಿಯಾಗಿ ಬಂದಿವೆಯೇ ಎಂದು ಪರೀಕ್ಷಾ ಶುಲ್ಕ ಕಟ್ಟುವ ದಿನಕ್ಕಿಂತ ಬಹಳ ಮೊದಲೇ ನೋಡಿಕೊಳ್ಳಬೇಕು. ಹೆಸರಿನ ವಿಷಯ ನಮ್ಮ ಸಮಾಜದಲ್ಲಿ ವಿಶೇಷ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಅಡ್ಡಹೆಸರು, ಆಧಾರ್‌ನಲ್ಲಿ "ಜೈನ್", ಬ್ಯಾಂಕಿನಲ್ಲಿ ತಂದೆಯ ಹೆಸರು, ಹೀಗೆ ಒಬ್ಬನೇ ಹುಡುಗ ಮೂವರಾಗಿರುತ್ತಾನೆ. ಊರಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ನಡೆದುಹೋಗಿರುತ್ತದೆ, ಹೊಸ ಊರಿನ ಕಚೇರಿಯಲ್ಲಿ ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆಯೇ ಉಳಿದವನ್ನು ತಿದ್ದಿಸಿಕೊಂಡು ಹೊರಡುವುದು ಒಳ್ಳೆಯದು.

ವಿದ್ಯಾರ್ಥಿವೇತನ ಪಡೆಯುವವರು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹೊಸ ಕಾಲೇಜು ಮತ್ತು ನೋಂದಣಿ ಸಂಖ್ಯೆ ದಾಖಲಿಸಬೇಕು, ಹಳೆಯದೇ ಉಳಿದರೆ ಅರ್ಜಿ ನಿಲ್ಲುತ್ತದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಬಂದಿದೆ, ಅದು ದಿಗಂಬರ ಶ್ವೇತಾಂಬರ ಎಲ್ಲರಿಗೂ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 3ಬಿ ಮಾತ್ರ ದಿಗಂಬರ ಜೈನರಿಗೆ. ಎರಡೂ ಪ್ರಮಾಣಪತ್ರ ಒಂದೇ ಎಂದು ತಿಳಿದು ಬೇರೆಯದನ್ನು ಲಗತ್ತಿಸುವ ತಪ್ಪು ಆಗುತ್ತಿರುತ್ತದೆ. ಆರ್‌ಡಿ ಸಂಖ್ಯೆಯಿರುವ ಜಾತಿ, ಆದಾಯ ಪ್ರಮಾಣಪತ್ರಗಳನ್ನು ಊರು ಬಿಡುವ ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಇಂಜಿನಿಯರಿಂಗ್ ಮಕ್ಕಳ ದಾರಿ ಸ್ವಲ್ಪ ಸುಲಭ. ವಿಟಿಯು ಇಡೀ ರಾಜ್ಯಕ್ಕೆ ಒಂದೇ ಆದ್ದರಿಂದ ಅದರ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದರೆ ವಿಶ್ವವಿದ್ಯಾಲಯ ಬದಲಾಗುವುದಿಲ್ಲ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಈಗ ಸ್ವತಂತ್ರ, ಅದಕ್ಕೆ ಈ ಮಾತು ಅನ್ವಯಿಸದು.

ಇನ್ನು ಹೆಣ್ಣುಮಕ್ಕಳ ವಿಷಯ. ಓದುವ ಮಗಳ ಮದುವೆ ಬೆಳಗಾವಿಗೋ ಸಾಂಗ್ಲಿಗೋ ಗೊತ್ತಾದಾಗ "ಅಲ್ಲೇ ಕಾಲೇಜಿಗೆ ಹಾಕುತ್ತೇವೆ" ಎಂದು ಬೀಗರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬೆಳಗಾವಿಯೆಂದರೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಸಾಂಗ್ಲಿಯೆಂದರೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, ರಾಜ್ಯವೇ ಬೇರೆ. ಮುಹೂರ್ತ ನೋಡುವಾಗ ಪಂಚಾಂಗದ ಜೊತೆ ಸೆಮಿಸ್ಟರ್ ವೇಳಾಪಟ್ಟಿಯನ್ನೂ ಇಟ್ಟುಕೊಂಡು ಕೂತರೆ ತಪ್ಪಲ್ಲ. ಐದನೆಯ ಸೆಮಿಸ್ಟರ್ ತಲುಪಿದ ಮಗಳಿಗೆ ವಿಶ್ವವಿದ್ಯಾಲಯ ಬದಲಿಸುವುದಕ್ಕಿಂತ ಉಳಿದ ವರ್ಷ ತವರಲ್ಲೇ ಮುಗಿಸಲು ಎರಡು ಮನೆಯವರೂ ಒಪ್ಪುವುದು ಹೆಚ್ಚು ಸರಿ. ಎರಡನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮದುವೆಯಾದರೆ ಮೂರನೆಯದಕ್ಕೆ ಅಲ್ಲಿ ಸೇರಿಸಬಹುದು, ಆದರೆ ಮೇಲೆ ಹೇಳಿದ ಪತ್ರಗಳ ಕೆಲಸವನ್ನು ಲಗ್ನಪತ್ರಿಕೆ ಹಂಚುವ ಮೊದಲೇ ಶುರು ಮಾಡಬೇಕು. ಮದುವೆಯ ನಂತರ ಹೆಸರು ಬದಲಿಸುವುದಿದ್ದರೆ ಪದವಿಯ ಕೊನೆಯ ಅಂಕಪಟ್ಟಿ ಕೈಗೆ ಬಂದ ಮೇಲೆ ಬದಲಿಸಲಿ.

ದಿನಾ ಓಡಾಡುವ ಹುಡುಗರು ಹೊಸ ಕಾಲೇಜಿನ ಹೆಸರಿನಲ್ಲಿ ಬಸ್ ಪಾಸಿಗೆ ಸೇವಾ ಸಿಂಧುವಿನಲ್ಲಿ ಬೇರೆಯೇ ಅರ್ಜಿ ಹಾಕಬೇಕು, ಹಳೆಯ ಮಾರ್ಗದ ಪಾಸು ನಡೆಯದು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಆ ತೊಂದರೆಯಿಲ್ಲ. ಮೂಲ ಅಂಕಪಟ್ಟಿ, ಟಿಸಿ, ಮೈಗ್ರೇಶನ್ ಹೊಸ ಕಾಲೇಜಿಗೆ ಒಪ್ಪಿಸುವ ಮೊದಲು ಪ್ರತಿಯೊಂದರ ಎರಡು ಝೆರಾಕ್ಸ್ ಮನೆಯಲ್ಲಿರಲಿ, ಒಪ್ಪಿಸಿದ್ದಕ್ಕೆ ದಿನಾಂಕ ಹಾಕಿದ ಸ್ವೀಕೃತಿ ಪಡೆಯಲಿ.