ಶಸ್ತ್ರಸಜ್ಜಿತ ಡ್ರೋನ್: ನಡೆಸುವವರ ಅರ್ಹತೆ

ಅಮೆರಿಕ ತನ್ನ ಪ್ರಿಡೇಟರ್ ಡ್ರೋನಿಗೆ ಕ್ಷಿಪಣಿ ಜೋಡಿಸಿ ಅಫ್ಘಾನಿಸ್ತಾನದ ಮೇಲೆ ಹಾರಿಸತೊಡಗಿದ್ದು 2001ರ ಅಕ್ಟೋಬರಿನಲ್ಲಿ. ಅದನ್ನು ನಡೆಸಲು ಯಾರು ಯೋಗ್ಯರು ಎಂಬ ವಾದ ಇನ್ನೂ ಮುಗಿದಿಲ್ಲ. ಮೊದಮೊದಲು ಅಮೆರಿಕದ ವಾಯುಪಡೆ ವಿಮಾನ ಹಾರಿಸಿ ಪಳಗಿದ ಅಧಿಕಾರಿಗಳನ್ನೇ ಆ ಕೆಲಸಕ್ಕೆ ಹಾಕಿತು. ಅವರು ಸಾಲದೆ ಹೋದಾಗ, 2010ರಲ್ಲಿ, ಡ್ರೋನಿಗೆಂದೇ ಬೇರೆ ಪೈಲಟ್ ವರ್ಗವನ್ನು ತೆರೆಯಿತು. ಅದೇ ದೇಶದ ಭೂಸೇನೆಯಾದರೋ ತನ್ನ ಗ್ರೇ ಈಗಲ್ ಡ್ರೋನನ್ನು ಅಧಿಕಾರಿಗಳಲ್ಲದ ಸೈನಿಕರ ಕೈಗೇ ಕೊಟ್ಟಿತು. ಆ ಡ್ರೋನು ತಾನಾಗಿಯೇ ಮೇಲೇರಿ ತಾನಾಗಿಯೇ ಇಳಿಯಬಲ್ಲದು. ವಿಮಾನ ಹಾರಿಸಿದ ಅನುಭವ ಇಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದು ಇದರಿಂದ ಸ್ಪಷ್ಟ. ಆದರೂ ಚರ್ಚೆ ಪೈಲಟ್ಟಿನ ಸುತ್ತಲೇ ಗಿರಕಿ ಹೊಡೆಯುತ್ತಿದೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಅರ್ಹತೆಯೇ ಬೇರೆ: ಪರದೆಯ ಮೇಲೆ ಕಂಡದ್ದನ್ನು ಕಂಡಷ್ಟೇ ಹೇಳುವ ಶಿಸ್ತು, ಸಂದೇಹ ಬಂದಾಗ ಮೇಲಧಿಕಾರಿಗೂ ‘ಬೇಡ’ ಎನ್ನಬಲ್ಲ ಅಧಿಕಾರ.

ಈ ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ರೀಪರ್ ಡ್ರೋನನ್ನು ನಡೆಸುವ ಕೋಣೆಯಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಹಾರಾಟವೂ ಕ್ಷಿಪಣಿ ಬಿಡುವುದೂ ಪೈಲಟ್ಟಿನ ಹೊಣೆ. ಪಕ್ಕದಲ್ಲಿರುವ ಸೆನ್ಸರ್ ಆಪರೇಟರ್ ಸಾಮಾನ್ಯವಾಗಿ ಕೆಳದರ್ಜೆಯವರು, ಎಷ್ಟೋ ಸಲ ಚಿಕ್ಕ ವಯಸ್ಸಿನವರು. ಕ್ಯಾಮೆರಾ ಮತ್ತು ಲೇಸರ್ ಅವರ ಕೈಯಲ್ಲಿರುತ್ತವೆ. ಹೆಲ್‌ಫೈರ್ ಕ್ಷಿಪಣಿ ಹೊರಟ ಮೇಲೆ ಗುರಿ ಮುಟ್ಟುವವರೆಗೂ ಲೇಸರ್ ಬೆಳಕಿನ ಚುಕ್ಕೆಯನ್ನೇ ಹಿಂಬಾಲಿಸುತ್ತದೆ. ದೂರಕ್ಕೆ ತಕ್ಕಂತೆ ಇದಕ್ಕೆ ಅರ್ಧ ನಿಮಿಷದವರೆಗೂ ಹಿಡಿಯಬಹುದು. ಅಷ್ಟರಲ್ಲಿ ಗುರಿಯ ಬಳಿ ಮಗುವೊಂದು ಓಡಿಬಂದರೆ ಆ ಚುಕ್ಕೆಯನ್ನು ಪಕ್ಕದ ಬಯಲಿಗೆ ಸರಿಸಿ ಕ್ಷಿಪಣಿಯನ್ನು ಖಾಲಿ ನೆಲಕ್ಕೆ ಬೀಳಿಸಲು ಸಾಧ್ಯ. ಅಂದರೆ ಜೀವ ಉಳಿಸುವ ಕೊನೆಯ ಅವಕಾಶ ಕೋಣೆಯಲ್ಲಿರುವ ಕಿರಿಯರ ಕೈಯಲ್ಲಿದೆ. ಪೈಲಟ್ಟಿನ ಅರ್ಹತೆಯನ್ನು ಮಾತ್ರ ಅಳೆದು ಇವರನ್ನು ಸಹಾಯಕರೆಂದು ಬದಿಗಿಡುವುದು ದೊಡ್ಡ ತಪ್ಪು.

2010ರ ಫೆಬ್ರವರಿ 21ರಂದು ಅಫ್ಘಾನಿಸ್ತಾನದ ಉರೂಜ್‌ಗಾನ್ ಪ್ರಾಂತ್ಯದಲ್ಲಿ ನಡೆದದ್ದನ್ನು ನೋಡಿ. ಮೂರು ವಾಹನಗಳಲ್ಲಿ ಜನ ಹೊರಟಿದ್ದರು. ನೆವಾಡಾದ ಕ್ರೀಚ್ ನೆಲೆಯಲ್ಲಿ ಕೂತ ಪ್ರಿಡೇಟರ್ ತಂಡ ಗಂಟೆಗಟ್ಟಲೆ ಅವುಗಳ ಬೆನ್ನಿಗಿತ್ತು. ಅದೇ ದೃಶ್ಯವನ್ನು ಫ್ಲಾರಿಡಾದಲ್ಲಿ ಪರಿಶೀಲಿಸುತ್ತಿದ್ದವರು ಮಕ್ಕಳಿದ್ದಾರೆ ಎಂದು ತಿಳಿಸಿದರು. ತಂಡಕ್ಕೆ ಅದು ಒಪ್ಪಿಗೆಯಾಗಲಿಲ್ಲ. ಆ ಮಾಹಿತಿ ನೆಲದ ಮೇಲಿದ್ದ ಪಡೆಯನ್ನು ಮುಟ್ಟುವಷ್ಟರಲ್ಲಿ ‘ಮಕ್ಕಳು’ ‘ಹದಿಹರೆಯದವರು’ ಆಗಿದ್ದರು. ಕೊನೆಗೆ ದಾಳಿ ಮಾಡಿದ್ದು ಹೆಲಿಕಾಪ್ಟರುಗಳು. 23 ನಾಗರಿಕರವರೆಗೆ ಸತ್ತಿರಬಹುದೆಂದು ಅಮೆರಿಕದ ಸೇನೆಯೇ ನಡೆಸಿದ ತನಿಖೆ ಹೇಳಿತು, ಡ್ರೋನ್ ತಂಡದ ವರದಿಗಾರಿಕೆಯನ್ನು ಕಟುವಾಗಿ ಟೀಕಿಸಿತು. ಡ್ರೋನನ್ನು ಹಾರಿಸುವುದರಲ್ಲಿ ಆ ತಂಡ ಎಡವಲಿಲ್ಲ. ಎಡವಿದ್ದು ನೋಡುವುದರಲ್ಲಿ, ನೋಡಿದ್ದನ್ನು ದಾಟಿಸುವುದರಲ್ಲಿ.

ಗುರಿಯನ್ನು ತೀರ್ಮಾನಿಸುವವರು ಕಮಾಂಡರುಗಳು, ಪಕ್ಕದಲ್ಲಿ ಕಾನೂನು ಸಲಹೆಗಾರರೂ ಇರುತ್ತಾರೆ, ಆಪರೇಟರ್ ತಲೆ ಕೆಡಿಸಿಕೊಳ್ಳಬೇಕೇಕೆ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಕಮಾಂಡರ್ ತೀರ್ಮಾನಿಸುವುದು ಈ ತಂಡ ಕೊಟ್ಟ ವಿವರಣೆಯ ಮೇಲೆ. 2021ರ ಆಗಸ್ಟ್ 29ರಂದು ಅಮೆರಿಕ ಕಾಬೂಲಿನಲ್ಲಿ ನಡೆಸಿದ ಡ್ರೋನ್ ದಾಳಿಯಲ್ಲಿ ಏಳು ಮಕ್ಕಳೂ ಸೇರಿ ಹತ್ತು ಮಂದಿ ನಾಗರಿಕರು ಸತ್ತರು. ಕಾನೂನು ಮುರಿದಿಲ್ಲ, ಮೊದಲೇ ನಂಬಿದ್ದಕ್ಕೆ ತಕ್ಕಂತೆ ದೃಶ್ಯವನ್ನು ಅರ್ಥಮಾಡಿಕೊಂಡರು ಎಂದು ವಾಯುಪಡೆಯ ಇನ್‌ಸ್ಪೆಕ್ಟರ್ ಜನರಲ್ ಹೇಳಿದರು. ಕ್ಷಿಪಣಿ ಬಿಡುವ ಎರಡು ನಿಮಿಷ ಮೊದಲು ವಿಡಿಯೋದಲ್ಲಿ ಮಗುವೊಂದು ಇತ್ತು; ಹುಡುಕಿ ನೋಡಿದರೆ ಮಾತ್ರ ಕಾಣುವಂತಿತ್ತು. ಹುಡುಕಿ ನೋಡುವುದನ್ನು ಕಲಿಸಬೇಕೆಂದೇ ನನ್ನ ವಾದ. ದಾಳಿಯ ಗುರಿ ಸೈನಿಕ ಗುರಿಯಲ್ಲವೆಂದು ತಿಳಿದ ಕೂಡಲೇ ದಾಳಿಯನ್ನು ಕೈಬಿಡಬೇಕೆಂದು ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 57ನೆಯ ವಿಧಿ ಹೇಳುತ್ತದೆ. ಅಮೆರಿಕವಾಗಲಿ ಭಾರತವಾಗಲಿ ಅದನ್ನು ಅನುಮೋದಿಸಿಲ್ಲ, ಆದರೂ ಇದು ಯುದ್ಧದ ರೂಢಿಗತ ಕಾನೂನೆಂದು ವ್ಯಾಪಕವಾಗಿ ಒಪ್ಪಲಾಗಿದೆ. ಆ ವಿಧಿಯನ್ನು ಕೊನೆಯ ಗಳಿಗೆಯಲ್ಲಿ ಪಾಲಿಸಬಲ್ಲವರು ಪರದೆಯ ಮುಂದಿರುವವರೇ.

ಇಷ್ಟೆಲ್ಲ ಕೇಳಿದರೆ ಜನ ಸಿಗುವುದಿಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಕೊರತೆ ನಿಜ; ಇರುವವರನ್ನು ಉಳಿಸಿಕೊಳ್ಳಲು ಅಮೆರಿಕದ ವಾಯುಪಡೆ ವರ್ಷಕ್ಕೆ ಸಾವಿರಾರು ಡಾಲರ್ ಬೋನಸ್ ಕೊಡಬೇಕಾಗಿ ಬಂತು. ಆದರೆ ಜನ ಕಡಿಮೆಯಿದ್ದರೆ ಹಾರಾಟ ಕಡಿಮೆ ಮಾಡಬೇಕೇ ಹೊರತು ಅರ್ಹತೆಯನ್ನಲ್ಲ. ವಿಡಿಯೋ ಗೇಮಿನಲ್ಲಿ ಪಳಗಿದವರು ಸಾಕೆಂಬ ಮಾತೂ ಇದೆ. ಕೈಚಳಕ ಅವರಿಗಿರಬಹುದು, ಆದರೆ ಇಲ್ಲಿ ಬೇಕಾದದ್ದು ಗುಂಡಿ ಒತ್ತದೆ ಕಾಯುವ ತಾಳ್ಮೆ.

ಭಾರತಕ್ಕೆ ಇದು ದೂರದ ಮಾತಲ್ಲ. 2024ರ ಅಕ್ಟೋಬರಿನಲ್ಲಿ ನಮ್ಮ ದೇಶ 31 ಎಂಕ್ಯೂ-9ಬಿ ಡ್ರೋನುಗಳಿಗೆ ಅಮೆರಿಕದೊಂದಿಗೆ ಒಪ್ಪಂದ ಮಾಡಿಕೊಂಡಿತು: ನೌಕಾಪಡೆಗೆ 15, ಭೂಸೇನೆಗೂ ವಾಯುಪಡೆಗೂ ತಲಾ 8. ಅದಕ್ಕೂ ಮೊದಲು, 2022ರಲ್ಲಿ, ವಾಯುಪಡೆ ಶಸ್ತ್ರವ್ಯವಸ್ಥೆಗೆಂದೇ ಹೊಸ ಶಾಖೆಯನ್ನು ಘೋಷಿಸಿ ದೂರನಿಯಂತ್ರಿತ ವಿಮಾನಗಳನ್ನು ನಡೆಸುವವರನ್ನೂ ಅದರಲ್ಲಿ ಸೇರಿಸಿತು. ಮೂರೂ ಪಡೆಗಳು ತಮ್ಮ ಪಠ್ಯಕ್ರಮದಲ್ಲಿ ಒಂದು ಪರೀಕ್ಷೆಯನ್ನು ಕಡ್ಡಾಯ ಮಾಡಲಿ: ಮಸುಕು ದೃಶ್ಯ, ಅವಸರಪಡಿಸುವ ಹಿರಿಯ ದನಿ, ಮೂಲೆಯಲ್ಲೊಂದು ಚಿಕ್ಕ ಆಕೃತಿ. ಆ ಆಕೃತಿಯನ್ನು ಗುರುತಿಸಿ ದಾಳಿ ತಡೆದವರಿಗೆ ಮಾತ್ರ ಲೇಸರ್ ಹಿಡಿಯುವ ಕುರ್ಚಿ ಸಿಗಲಿ, ತಡೆದದ್ದಕ್ಕಾಗಿ ಅವರ ಬಡ್ತಿಗೆ ಅಡ್ಡಿಯಾಗದಂತೆ ಸೇವಾ ನಿಯಮದಲ್ಲೇ ಬರೆದಿಡಲಿ.