ಹಳೇ ಜೀಪಿಗೆ ಸ್ಟಿಯರಿಂಗ್ ಕಾಲಂ

ಮಹೀಂದ್ರದವರು 1947ರಿಂದ ನಮ್ಮ ದೇಶದಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಮಾದರಿಯ ಜೀಪು ಹಲವು ಸದಸ್ಯರ ತೋಟಗಳಲ್ಲಿ ಇನ್ನೂ ದುಡಿಯುತ್ತಿದೆ. ನಮ್ಮದಕ್ಕೆ ಕಾಲಂ ಬದಲಿಸಿದಾತ ಡ್ಯಾಶ್‌ಬೋರ್ಡಿನ ಕ್ಲಾಂಪನ್ನೇ ಮೊದಲು ಬಿಗಿದ. ಕಾಲಂ ಓರೆಗೆ ಎಳೆದುಕೊಂಡಿತು. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದಲ್ಲೇ ನಿಂತಿತು. ಹಿಂದೆ ಆಳುಗಳು ಕುಳಿತಿದ್ದರು. ಧರೆಗೆ ಒರಗಿ ನಿಂತುದರಿಂದ ಬದುಕಿದೆವು.

ಜೀಪನ್ನು ಲಾರಿಗೆ ಹೇರಿ ಬೆಂಗಳೂರಿನ ಹುಳಿಮಾವಿಗೆ ಒಯ್ದೆವು. ಅಲ್ಲಿನ ಹಿರಿಯ ಮೇಸ್ತ್ರಿ ಎಲ್ಲ ಬಿಚ್ಚಿ, ಮೊದಲು ಸ್ಟಿಯರಿಂಗ್ ಬಾಕ್ಸನ್ನು ಚಾಸಿಗೆ ಬಿಗಿದರು. ಕ್ಲಾಂಪು ಅಲ್ಲಿಯತನಕ ಸಡಿಲ. ಕಾಲಂ ತಾನಾಗಿ ನಿಂತ ಕಡೆಯೇ ಕ್ಲಾಂಪು ಹಿಡಿಯಬೇಕಂತೆ. ಆಟ ತೆಗೆಯುವ ಸ್ಕ್ರೂ ತಿರುಗಿಸುವುದು ಮುಂದಿನ ಚಕ್ರಗಳು ನೇರವಿದ್ದಾಗ ಮಾತ್ರ. ಒಳಗಿನ ಕ್ಯಾಮು ನಡುವಿನಲ್ಲಿ ಬಿಗಿ, ತುದಿಗಳಲ್ಲಿ ಸಡಿಲ. ತುದಿಯಲ್ಲಿ ಬಿಗಿದರೆ ನಡುವೆ ಕಚ್ಚುತ್ತದೆ.

ಮರಳಿ ಘಾಟಿ ಏರುವಾಗ ಸ್ಟಿಯರಿಂಗ್ ತಾನೇ ಕೈಗೆ ಹಿಂತಿರುಗಿತು.